ಹನುಮಕ್ಕ ಬಿಡಿಸಿಕೊಂಡ ಬಂಡಿದಾರಿ

ಹನುಮಕ್ಕನ ಅಣ್ಣ ನಾರಾಯಣಪ್ಪ ೧೯೭೯ರ ಅಕ್ಟೋಬರಿನಲ್ಲಿ ಪಾಪಯ್ಯನ ಬಾವಿಗೆ ಬಿದ್ದು ಸತ್ತ. ‘ಬಿದ್ದ’ ಎಂದರೆ ಹನುಮಕ್ಕ ಒಪ್ಪುತ್ತಿರಲಿಲ್ಲ. "ಬೀಳ್ಸಿದ್ರು ಅನ್ನು" ಎಂದು ಎದುರಿಗಿದ್ದವರ ಮಾತನ್ನು ಅಲ್ಲೇ ತಿದ್ದುತ್ತಿದ್ದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ.

ನಮ್ಮೂರು ತಮಿಳುನಾಡಿನ ಹೊಸೂರು ತಾಲ್ಲೂಕಿನಲ್ಲಿ, ಬಾಗಲೂರಿನಿಂದ ಎರಡು ಮೈಲಿ ಒಳಗಿದೆ. ಹೊಸೂರಿನಲ್ಲಿ ಕಾರ್ಖಾನೆಗಳು ಶುರುವಾದ ಮೇಲೆ ನಾವು ಏಳೆಂಟು ಹುಡುಗರು ಸೈಕಲ್ ತುಳಿದುಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗಲು ಹತ್ತಿದೆವು. ನಾನೂ ನಾರಾಯಣಪ್ಪನೂ ಒಂದೇ ಕಾರ್ಖಾನೆ, ಒಂದೇ ಶಿಫ್ಟು. ಊರಿನಿಂದ ಟಾರು ರಸ್ತೆ ಸೇರಲು ಇದ್ದದ್ದು ಒಂದೇ ಬಂಡಿದಾರಿ. ನಾನು ಚಿಕ್ಕವನಿದ್ದಾಗ ಆ ದಾರಿಯಲ್ಲಿ ಎರಡು ಬಂಡಿಗಳು ಎದುರುಬದುರು ಬಂದರೂ ಯಾರೂ ಎತ್ತು ನಿಲ್ಲಿಸಬೇಕಾಗಿರಲಿಲ್ಲ. ದಾರಿಯ ಒಂದು ಪಕ್ಕಕ್ಕೆ ಪಾಪಯ್ಯನ ರಾಗಿ ಹೊಲ, ಇನ್ನೊಂದು ಪಕ್ಕಕ್ಕೆ ಅವನದೇ ಬಾವಿ. ಐವತ್ತಡಿ ಆಳದ ಬಾವಿ, ಸುತ್ತ ಕಟ್ಟೆಯಿಲ್ಲ. ಆದರೆ ದಾರಿಗೂ ಬಾವಿಗೂ ನಡುವೆ ಹದಿನೈದು ಅಡಿ ಜಾಗ ಇದ್ದದ್ದರಿಂದ ಕಟ್ಟೆಯಿಲ್ಲ ಎಂಬುದು ಯಾರ ಮನಸ್ಸಿಗೂ ಬಂದಿರಲಿಲ್ಲ.

ಪ್ರತಿ ವರ್ಷ ಉಳುಮೆಯಾದಾಗ ಪಾಪಯ್ಯನ ಹೊಲ ಒಂದು ಸಾಲು ದಾರಿಯ ಕಡೆಗೆ ಜರುಗುತ್ತಿತ್ತು. ಒಂದೇ ಒಂದು ಸಾಲು, ಅಷ್ಟೇ. ದಾರಿ ಕಿರಿದಾದಂತೆ ನಡೆಯುವವರು ಬಾವಿಯ ಕಡೆಗೆ ಸರಿದು ನಡೆದರು. ಬಂಡಿಗಳು ಕೆರೆಯ ಹಿಂದಿನಿಂದ ಸುತ್ತು ಹಾಕಿ ಹೋಗತೊಡಗಿದವು. ಎಪ್ಪತ್ತೊಂಬತ್ತರ ಹೊತ್ತಿಗೆ ಅಲ್ಲಿ ಉಳಿದಿದ್ದದ್ದು ಒಂದು ಸೈಕಲ್ ಹೋಗುವಷ್ಟು ಕಾಲುದಾರಿ. ಅದೂ ಬಾವಿಯ ಅಂಚಿನಲ್ಲೇ. ಊರಿನಲ್ಲಿ ಎಲ್ಲರೂ ಇದನ್ನು ಕಂಡವರೇ. ಪಾಪಯ್ಯನ ಹತ್ತಿರ ಕೂಲಿಗೆ ಹೋಗದ ಮನೆ ನಮ್ಮೂರಲ್ಲಿ ಹತ್ತೂ ಇರಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ.

ಆವತ್ತು ಸಂಜೆ ಜೋರು ಮಳೆ. ನಾನು ಮುಂದೆ, ನಾರಾಯಣಪ್ಪ ಹಿಂದೆ. ತಲೆಗೆ ಪ್ಲಾಸ್ಟಿಕ್ ಹೊದ್ದುಕೊಂಡು ಬಗ್ಗಿ ತುಳಿಯುತ್ತಿದ್ದೆವು. ನಾನು ಮನೆ ಸೇರಿದೆ. ಅವನು ಸೇರಲಿಲ್ಲ. ಮಳೆಗೆ ಬಾಗಲೂರಿನಲ್ಲೇ ಉಳಿದಿರಬೇಕು ಎಂದು ಅವನ ಮನೆಯವರು ಅಂದುಕೊಂಡರು. ಬೆಳಗ್ಗೆ ಹೊಲದ ನೀರು ಬಸಿಯಲು ಬಂದ ಅವನ ಅಪ್ಪ ಮುನಿಯಪ್ಪ, ಬಾವಿಯ ಅಂಚು ಎರಡಡಿ ಕುಸಿದಿರುವುದನ್ನು ನೋಡಿ ಒಳಗೆ ಬಗ್ಗಿದ. ಮಗನ ಊಟದ ಡಬ್ಬಿ ನೀರಿನ ಮೇಲೆ ತೇಲುತ್ತಿತ್ತು.

ಪೊಲೀಸರು ಬಂದರು, ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಮೂರನೆಯ ದಿನ ಪಾಪಯ್ಯ ಒಂದು ಚೀಲ ರಾಗಿ ಹೊರಿಸಿಕೊಂಡು ಮುನಿಯಪ್ಪನ ಮನೆಗೆ ಬಂದ. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಪಂಚೆ, ಮೆತ್ತಗಿನ ಮಾತು. ಜಗುಲಿಯ ಮೇಲೆ ಕೂತು ನಿಟ್ಟುಸಿರು ಬಿಟ್ಟ.

"ಏನ್ ಮಾಡಕ್ಕಾಯ್ತದೆ ಮುನಿಯಪ್ಪ. ವಯಸ್ಸಿನ ಹುಡ್ಗ. ಮಳೇಲಿ ವಸಿ ನೋಡ್ಕಂಡು ಬರ್ಬೇಕಾಗಿತ್ತು."

ಒಳಗಿನಿಂದ ಹನುಮಕ್ಕ ಹೊರಗೆ ಬಂದಳು. ರಾಗಿ ಚೀಲದ ಬಾಯಿ ಬಿಚ್ಚಿ, ಎಳೆದುಕೊಂಡು ಹೋಗಿ ಬೀದಿಗೆ ಸುರಿದಳು. ಊರಿನ ಕೋಳಿಗಳೆಲ್ಲ ಸೇರಿದವು. ಪಾಪಯ್ಯ ಎದ್ದು ಹೋದ. ಮುನಿಯಪ್ಪ ತಲೆ ಎತ್ತಲಿಲ್ಲ. ಅವನು ಮೂವತ್ತು ವರ್ಷದಿಂದ ಪಾಪಯ್ಯನ ಆಳು. ಆ ಹೊಲ ಉಳುತ್ತಿದ್ದವನು ಅವನೇ. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಹನುಮಕ್ಕನಿಗೂ. ಆದರೆ ಅವಳೆದುರು ಯಾರೂ ಬಾಯಿ ಬಿಡಲಿಲ್ಲ, ಅವಳೂ ಆ ಮಾತಿನ ಹತ್ತಿರ ಹೋಗಲಿಲ್ಲ. ಅವಳ ಸಿಟ್ಟಿಗೆ ಒಂದೇ ಮುಖ ಬೇಕಾಗಿತ್ತು.

ಹನ್ನೊಂದನೆಯ ದಿನದ ತಿಥಿ ಮುಗಿದ ಮರುದಿನ ಬೆಳಗ್ಗೆ ಆರಕ್ಕೆ ನಾನು ಕೆಲಸಕ್ಕೆ ಹೊರಟಿದ್ದೆ. ಪಾಪಯ್ಯನ ಹೊಲದಲ್ಲಿ ಹನುಮಕ್ಕ ಕುಡುಗೋಲು ಹಿಡಿದು ನಿಂತಿದ್ದಳು. ಇನ್ನೂ ಹಾಲು ತುಂಬುತ್ತಿದ್ದ ರಾಗಿ ತೆನೆಗಳನ್ನು ಕುಯ್ದು ಕುಯ್ದು ಬಾವಿಗೆ ಎಸೆಯುತ್ತಿದ್ದಳು. ಆಗಲೇ ಕಾಲು ಎಕರೆ ಬೋಳಾಗಿತ್ತು. ಅಂಗೈ ಕುಯ್ದುಕೊಂಡು ಸೆರಗೆಲ್ಲ ರಕ್ತ.

"ಹನುಮಕ್ಕ, ಏನಮ್ಮ ಇದು? ಯಾರಾನ ನೋಡಿದ್ರೆ?" ಎಂದೆ.

"ನೋಡ್ಲಿ ಕೊಂಡಣ್ಣ. ನೋಡ್ಲಿ ಅಂತಾನೇ ಬೆಳಕಲ್ಲಿ ಬಂದಿರೋದು. ಬಣವೆಗೂ ಬೆಂಕಿ ಇಕ್ತೀನಿ. ಅವನ ಮನೇನೂ ಉರೀಲಿ."

ನಾನು ಸೈಕಲ್ ಕೆಡವಿ ಅವಳ ಕೈಯಿಂದ ಕುಡುಗೋಲು ಕಿತ್ತುಕೊಂಡೆ. ಏನು ಹೇಳಬೇಕೋ ತಿಳಿಯದೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಈ ರಾಗಿ ಹೋದ್ರೆ ಮುಂದಿನ್ ವರ್ಸ ಇನ್ನೊಂದ್ ರಾಗಿ ಬೆಳೀತಾನೆ. ದಾರೀನೇ ಕಿತ್ಕಂಡ್ರೆ? ಸಾಯೋಗಂಟ ದಿನಾ ಅದನ್ನ ನೋಡ್ಬೇಕಾಗ್ತದೆ ಅವ್ನು."

ಅವಳು ನನ್ನನ್ನೇ ನೋಡಿದಳು. ಆ ನೋಟ ನನಗೆ ಈಗಲೂ ನೆನಪಿದೆ. ಸಮಾಧಾನದ ನೋಟವಲ್ಲ ಅದು. ಕುಡುಗೋಲಿಗಿಂತ ಒಳ್ಳೆಯ ಆಯುಧ ಸಿಕ್ಕಿದವರ ನೋಟ.

"ಸಾಯೋಗಂಟ" ಎಂದು ಮೆಲ್ಲಗೆ ಹೇಳಿಕೊಂಡಳು.

ಆ ಭಾನುವಾರ ಶಾಲೆಯ ಜಗುಲಿಗೆ ಹುಡುಗರನ್ನೆಲ್ಲ ಕರೆಸಿದಳು. ಸೈಕಲ್ಲಿನವರು ಏಳು ಜನ, ಬಾಗಲೂರಿಗೆ ಓದಲು ಹೋಗುವ ಹುಡುಗಿಯರು ಮೂವರು. ಹೆಂಗಸೊಬ್ಬಳು ಸಭೆ ಕರೆದದ್ದು ನಮ್ಮೂರಲ್ಲಿ ಅದೇ ಮೊದಲು. ಹುಡುಗರು ಮಾತು ಶುರು ಮಾಡಿದ್ದು ಎಲ್ಲರೂ ಶುರು ಮಾಡುವ ಹಾಗೆಯೇ.

"ದಾರಿ ಪಂಚಾಯ್ತೀದು. ಅವ್ರು ಕೇಳ್ಬೇಕು" ಎಂದ ಮುತ್ತರಾಯಪ್ಪ. ನಮ್ಮಲ್ಲಿ ಅವನೇ ಹೆಚ್ಚು ಓದಿದವನು, ಐಟಿಐ ಮಾಡಿದ್ದ.

"ನಮ್ಮಣ್ಣನೂ ಹಿಂಗೇ ಅಂತಿದ್ದ" ಎಂದಳು ಹನುಮಕ್ಕ. "ನಾನು ಎರಡ್ ಸಲ ಹೇಳಿದ್ದೆ, ಆ ಅಂಚು ಕುಸೀತಾ ಐತೆ ಕಣಣ್ಣ, ಹೋಗಿ ಹೇಳು ಅಂತ. ‘ನಮ್ಗ್ಯಾಕಮ್ಮಾ, ಪಂಚಾಯ್ತಿಯೋರು ಅವ್ರೆ’ ಅಂದ. ಪಂಚಾಯ್ತಿಯೋರು ಬಂದು ಅವನ್ನ ಎತ್ತಿದ್ರಾ?"

ಅವಳು ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದಳು.

"ನೀವೆಲ್ಲ ಆ ದಾರೀಲಿ ದಿನಾ ಎರಡು ಸಲ ಹೋದೋರು. ಒಬ್ಬೊಬ್ರೂ ಹೇಳ್ರಿ. ಏನ್ ನೋಡಿದ್ರಿ, ಏನ್ ಮಾಡಿದ್ರಿ?"

ಮೊದಲು ಬಾಯಿ ತೆರೆದವನು ಮುತ್ತರಾಯಪ್ಪನೇ. ಹೋದ ವರ್ಷವೇ ನನ್ನ ಸೈಕಲ್ಲು ಅಲ್ಲಿ ಜಾರಿತ್ತು, ಇಳಿದು ತಳ್ಳಿಕೊಂಡು ಹೋಗಿದ್ದೆ ಎಂದ. ಇನ್ನೊಬ್ಬ, ಪಾಪಯ್ಯನ ಎತ್ತು ದಾರಿಯ ಮೇಲೆ ನೇಗಿಲು ಎಳೆಯುವುದನ್ನು ನಿಂತು ನೋಡಿದ್ದೆ, ನಕ್ಕು ಮುಂದೆ ಹೋದೆ ಎಂದ. ಒಬ್ಬ ಹುಡುಗಿ ಅಳುತ್ತ, ನನಗೆ ಭಯ ಆಗುತ್ತಿತ್ತು ಅಷ್ಟೇ ಅಕ್ಕ ಎಂದಳು. ನನ್ನ ಸರದಿ ಬಂದಾಗ, ಊರಿನ ಭೂಮಿ ದಾಖಲೆ ನೋಡಿಕೊಳ್ಳುವ ಕರಣಂಗೆ ಹೇಳಬೇಕು ಎಂದುಕೊಂಡಿದ್ದೆ, ಹೇಳಲಿಲ್ಲ ಎಂದೆ. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಮಿಕ್ಕದ್ದನ್ನು ನುಂಗಿಕೊಂಡೆ.

ಹನುಮಕ್ಕ ಎಂಟನೆಯವರೆಗೆ ಓದಿದ್ದಳು. ತಮಿಳು ಚೆನ್ನಾಗಿ ಬರೆಯುತ್ತಿದ್ದಳು. ಹೊಸೂರಿನ ತಾಲ್ಲೂಕು ಕಚೇರಿಗೆ ಅರ್ಜಿ ಬರೆದವಳು ಅವಳೇ. ಪಾಪಯ್ಯ ದಾರಿ ಒತ್ತಿದ್ದಾನೆ, ಅಳತೆ ಮಾಡಿಸಿ ಬಿಡಿಸಿಕೊಡಿ ಎಂದು ಬರೆದ ಮೇಲೆ ಕೆಳಗೆ ಇನ್ನೊಂದು ಮಾತು ಸೇರಿಸಿದಳು: ‘ಇದನ್ನು ವರ್ಷಗಟ್ಟಲೆ ನೋಡಿಯೂ ಸುಮ್ಮನಿದ್ದವರು ನಾವು. ನಾರಾಯಣಪ್ಪನ ಸಾವಿನಲ್ಲಿ ನಮ್ಮ ಪಾಲೂ ಇದೆ.’ ಅದರ ಕೆಳಗೆ ನಾವು ಹತ್ತೂ ಜನ ಹೆಸರು, ಅಪ್ಪನ ಹೆಸರು ಬರೆದು ರುಜು ಹಾಕಬೇಕಾಯಿತು.

"ಇದ್ಯಾಕಮ್ಮಾ? ನಾಳೆ ನಮ್ಮ ಮೇಲೇ ಕೇಸಾಯ್ತದೆ" ಎಂದ ಮುತ್ತರಾಯಪ್ಪ.

"ಆಗ್ಲಿ. ನಾವು ತಪ್ಪು ಮಾಡಿದ್ದು ಅಂತ ಮೊದ್ಲು ನಾವೇ ಬರ್ಕೊಟ್ರೆ, ಅವ್ನು ನಮ್ಮನ್ನ ಇನ್ನೇನ್ ಅಂತ ಹೆದ್ರಿಸ್ತಾನೆ?"

ಕಚೇರಿಯ ಗುಮಾಸ್ತ ಓದಿ ನಕ್ಕ. ಇದು ಅರ್ಜಿಯೋ ತಪ್ಪೊಪ್ಪಿಗೆಯೋ ಎಂದು ತಮಿಳಿನಲ್ಲಿ ಕೇಳಿದ. "ಎರಡೂ" ಎಂದಳು. ಅವನು ಅದನ್ನು ನಮ್ಮೂರಿನ ಕರಣಂಗೆ ಕಳಿಸಿದ. ಕರಣಂ ಪಾಪಯ್ಯನ ಮನೆಯಲ್ಲಿ ಊಟ ಮಾಡುವವನು. ನಕ್ಷೆ ಹರಿದುಹೋಗಿದೆ, ದಾರಿ ಮೊದಲಿನಿಂದಲೂ ಇಷ್ಟೇ ಇತ್ತು ಎಂದು ಬರೆದು ವಾಪಸ್ ಕಳಿಸಿದ. ಹೀಗೆ ಒಂದು ವರ್ಷ ಹೋಯಿತು. ಹದಿನೈದು ದಿನಕ್ಕೊಂದು ಸಲ ನಾನು ಅವಳ ಜೊತೆ ಹೊಸೂರಿಗೆ ಹೋಗುತ್ತಿದ್ದೆ. ರಜೆ ಕಳೆದುಕೊಂಡೆ, ಬೈಸಿಕೊಂಡೆ. ಯಾಕೆ ಇಷ್ಟು ಸುತ್ತುತ್ತೀಯ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ಅಷ್ಟರಲ್ಲಿ ಹುಡುಗರು ಸುಮ್ಮನೆ ಕೂರಲಿಲ್ಲ. ಬಾವಿಯ ಅಂಚಿಗೆ ಗಳ ನೆಟ್ಟು ಮುಳ್ಳು ಕಟ್ಟಿದರು. ಪಾಪಯ್ಯ ಕೀಳಿಸಿದ. ಮತ್ತೆ ಕಟ್ಟಿದರು. ನಾಲ್ಕು ಸಲ ಹೀಗಾಯಿತು. ಐದನೆಯ ಸಲ ಪಾಪಯ್ಯ ಎಂಟು ಮನೆಯವರನ್ನು ಕೂಲಿಯಿಂದ ಬಿಡಿಸಿದ, ಮುನಿಯಪ್ಪನನ್ನು ಮಾತ್ರ ಕೈಬಿಡಲಿಲ್ಲ. ಅಪ್ಪ ಅಮ್ಮಂದಿರು ನಮ್ಮನ್ನು ಬಾಯಿಗೆ ಬಂದಂತೆ ಬೈದರು. ಇಬ್ಬರು ಹುಡುಗರು ಹಿಂದೆ ಸರಿದರು. ಹನುಮಕ್ಕ ಅವರ ಮನೆಯ ಮುಂದೆ ಹೋಗುವಾಗ ಮುಖ ತಿರುಗಿಸುತ್ತಿದ್ದಳು. ಕ್ಷಮಿಸುವ ಗುಣ ಅವಳಲ್ಲಿ ಇರಲಿಲ್ಲ. ಇತ್ತು ಎಂದು ಸುಳ್ಳು ಹೇಳಲಾರೆ.

ಎಂಬತ್ತರ ಕೊನೆಯಲ್ಲಿ ಸರ್ಕಾರ ಕರಣಂ ಹುದ್ದೆಯನ್ನೇ ತೆಗೆದುಹಾಕಿತು. ಪುಸ್ತಕ, ನಕ್ಷೆ ಎಲ್ಲ ಕಚೇರಿಗೆ ಸೇರಿದವು. ಹರಿದುಹೋಗಿದೆ ಎಂದಿದ್ದ ನಕ್ಷೆ ಸರಿಯಾಗಿಯೇ ಇತ್ತು. ಎಂಬತ್ತೊಂದರ ಮಾರ್ಚಿನಲ್ಲಿ ಕೃಷ್ಣಗಿರಿ ಕಡೆಯ ಒಬ್ಬ ಸರ್ವೆಯರ್ ಅಳತೆಯ ಸರಪಳಿ ತೆಗೆದುಕೊಂಡು ಬಂದ.

ಊರೆಲ್ಲ ಹೊಲದ ಹತ್ತಿರ ಸೇರಿತ್ತು. ಪಾಪಯ್ಯ ಕೊಡೆ ಹಿಡಿದು ನಿಂತಿದ್ದ. ನಕ್ಷೆಯ ಪ್ರಕಾರ ದಾರಿಯ ಅಂಚಿಗೆ ಮೂರು ಸರ್ವೆ ಕಲ್ಲುಗಳಿರಬೇಕು. ಎರಡು ಸಿಕ್ಕಿದವು, ರಾಗಿ ಹೊಲದ ಒಳಗೆ, ಮಣ್ಣಿನಡಿಯಲ್ಲಿ. ಬಾವಿಯ ಎದುರಿಗಿರಬೇಕಾದ ಮೂರನೆಯದು ಇಲ್ಲ. "ಕಲ್ಲು ಎಂಗೆ?" ಎಂದು ಸರ್ವೆಯರ್ ಪಾಪಯ್ಯನನ್ನು ಕೇಳಿದ. ಕಲ್ಲೆಲ್ಲಿ ಎಂದು.

"ನಂಗೇನ್ ಗೊತ್ತು ಸಾರ್. ನಾನು ನೇಗ್ಲು ಮುಟ್ಟಿ ಇಪ್ಪತ್ತು ವರ್ಸ ಆಯ್ತು" ಎಂದ ಪಾಪಯ್ಯ, ಅದೇ ಮೆತ್ತಗಿನ ದನಿಯಲ್ಲಿ. ಆಮೇಲೆ ಹನುಮಕ್ಕನ ಕಡೆ ತಿರುಗಿದ. "ಉಳ್ತಿದ್ದೋನು ಇವಳಪ್ಪ. ಸಾಲು ಎಳ್ದಿದ್ದು ಅವ್ನ ಕೈ. ದಾರಿ ತಿಂದೋರು ಯಾರು ಅಂತ ಅವನ್ನೇ ಕೇಳಿ. ಊರೆಲ್ಲ ಕುಣಿಸ್ತಾವ್ಳಲ್ಲ, ಅವಳೇ ಕೇಳ್ಲಿ."

ಎಲ್ಲರೂ ಮುನಿಯಪ್ಪನನ್ನು ನೋಡಿದರು. ಅವನು ಗುಂಪಿನ ಹಿಂದೆ, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಪಾಪಯ್ಯ ಹನುಮಕ್ಕನಿಗೆ ಹಾಕಿದ ಪಟ್ಟು ಅದು. ಅಪ್ಪನನ್ನು ಉಳಿಸಿಕೊಂಡರೆ ದಾರಿ ಹೋಗುತ್ತದೆ.

ಅವಳು ನೇರ ಅಪ್ಪನ ಮುಂದೆ ಹೋಗಿ ನಿಂತಳು.

"ಹೇಳಪ್ಪ."

"ಮಗಾ..."

"ನನ್ನ ಹತ್ರ ಅಲ್ಲ. ಅವ್ರಿಗೆ ಹೇಳು."

ಮುನಿಯಪ್ಪ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಮುಂದೆ ಬಂದ. ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಉತ್ತೋನು ನಾನೇ ಸಾಮಿ. ಯಜಮಾನ್ರು ವರ್ಸವೂ ‘ಇನ್ನೊಂದ್ ಸಾಲು ಆಚೆಗೆ ಎಳಿ’ ಅಂತಿದ್ರು, ನಾನ್ ಎಳೀತಿದ್ದೆ. ಒಂದ್ ದಿನವೂ ಆಗಲ್ಲ ಅನ್ಲಿಲ್ಲ. ಆ ಕಲ್ಲು ಕಿತ್ತಿದ್ದೂ ನಾನೇ. ಪಂಪ್‌ಸೆಟ್ ಹತ್ರ ಬಟ್ಟೆ ಒಗೆಯಕ್ಕೆ ಹಾಕೈತೆ, ಮಕಾಡೆ." ಅಷ್ಟು ಹೇಳಿ ನಿಂತ. ಮತ್ತೆ, "ನನ್ನ ಮಗ ಬಿದ್ದಿದ್ದು ನಾನ್ ಉತ್ತ ದಾರೀಲಿ" ಎಂದ.

ಹುಡುಗರು ಓಡಿ ಹೋಗಿ ಪಂಪ್‌ಸೆಟ್ ಪಕ್ಕದ ಒಗೆಯುವ ಕಲ್ಲನ್ನು ಮಗುಚಿದರು. ಸೋಪಿನ ಪಾಚಿಯ ಅಡಿಯಲ್ಲಿ ಸರ್ವೆಯ ಗುರುತು ಸ್ಪಷ್ಟವಾಗಿತ್ತು. ಸರ್ವೆಯರ್ ಮುನಿಯಪ್ಪನ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ. ಪಾಪಯ್ಯನ ಕೊಡೆ ಯಾವಾಗಲೋ ಮಡಿಚಿಕೊಂಡಿತ್ತು.

ಮುನಿಯಪ್ಪನ ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಓದು ಬರಹವಿಲ್ಲದ ಮುದುಕ ಊರೆದುರಿಗೆ ನಿಂತು ಹೇಳಿದ್ದಾನೆ, ನಾನು ಒಂದೂವರೆ ವರ್ಷದಿಂದ ಬಚ್ಚಿಟ್ಟುಕೊಂಡಿದ್ದೇನೆ. ಜನ ಕರಗಿದ ಮೇಲೆ ಹನುಮಕ್ಕನ ಹತ್ತಿರ ಹೋದೆ.

"ಆವತ್ತು ಸಂಜೆ ನಾನ್ ಮುಂದೆ ಹೋಗ್ವಾಗ್ಲೇ ಅಂಚು ಕುಸೀತು ಹನುಮಕ್ಕ. ನನ್ನ ಹಿಂದಿನ್ ಚಕ್ರದಡಿ ಮಣ್ಣು ಜಾರಿ ನೀರಿಗೆ ಬಿದ್ದ ಸದ್ದು ಕೇಳಿಸ್ತು. ನಾರಾಯಣಪ್ಪ ಹಿಂದೆ ಬತ್ತಾವ್ನೆ ಅಂತ ಗೊತ್ತಿತ್ತು. ನಿಂತು ಒಂದು ಕೂಗು ಕೂಗಿದ್ರೆ ಸಾಕಿತ್ತು. ಮಳೆ, ಹಸಿವು. ಬಂದ್ಬುಟ್ಟೆ."

ಅವಳು ಬಾವಿಯ ಅಂಚಿನ ಕಡೆ ನೋಡಿದಳು.

"ನನ್ನ ಜೊತೆ ಆಫೀಸು ಸುತ್ತಿದ್ದು ಅದ್ಕೇನಾ?"

"ಹೂಂ."

"ಜಗುಲಿ ಮೇಲೆ ಕೇಳ್ದಾಗ ಯಾಕ್ ಹೇಳ್ಲಿಲ್ಲ?"

"ಭಯ ಆಯ್ತು."

ಅವಳು ತಿರುಗಿ ಹೊರಟುಹೋದಳು. ಮುಂದೆ ಎರಡು ವರ್ಷ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ತಹಸೀಲ್ದಾರರ ಆದೇಶ ಬಂದು ದಾರಿ ಮೊದಲಿನ ಅಗಲಕ್ಕೆ ಬಂತು. ಬಾವಿಗೆ ಪಾಪಯ್ಯ ತನ್ನ ಖರ್ಚಿನಲ್ಲೇ ಎದೆಯೆತ್ತರದ ಕಟ್ಟೆ ಕಟ್ಟಿಸಬೇಕಾಯಿತು. ಕಟ್ಟೆ ಕಟ್ಟುವ ಅಷ್ಟೂ ದಿನ ಹನುಮಕ್ಕ ಎದುರಿನ ಹುಣಸೆ ಮರದಡಿ ಕೂತು ನೋಡಿದಳು. ಪಾಪಯ್ಯ ಒಮ್ಮೆ ಅವಳ ಹತ್ತಿರ ಬಂದು, "ಸಾಕಾಯ್ತಾ ನಿನ್ಗೆ?" ಎಂದು ಕೇಳಿದನಂತೆ. "ಇನ್ನೂ ಶುರು ಯಜಮಾನ್ರೆ" ಎಂದಳಂತೆ.

ಶುರುವೇ. ದಾರಿ ಬಿಡಿಸಿದ ಧೈರ್ಯಕ್ಕೆ ನಮ್ಮ ಹುಡುಗರು ಊರಿನ ಬೇರೆ ಕೆಲಸಗಳಿಗೂ ಕೈ ಹಾಕಿದರು. ಶಾಲೆಯ ಸೂರಿಗೆ ಹೆಂಚು ಹಾಕಿದರು, ಕುಡಿಯುವ ನೀರಿನ ಬಾವಿಯ ಹೂಳು ತೆಗೆದರು. ಹಿಂದೆ ಸರಿದಿದ್ದ ಇಬ್ಬರೂ ಬಂದು ಸೇರಿಕೊಂಡರು. ಹನುಮಕ್ಕ ಅವರ ಕೈಗೆ ಹೂಳಿನ ಬುಟ್ಟಿಯನ್ನೇ ಕೊಟ್ಟಳು, ಎರಡು ದಿನ ಬದಲಿ ಆಳು ಕಳಿಸಲಿಲ್ಲ. ‘ಪಂಚಾಯ್ತಿಯೋರು ಮಾಡ್ಲಿ’ ಎಂಬ ಮಾತು ನಮ್ಮ ವಯಸ್ಸಿನವರ ಬಾಯಲ್ಲಿ ಬಂದರೆ ಪಕ್ಕದವನೇ ಮೊಣಕೈಯಿಂದ ತಿವಿಯುತ್ತಿದ್ದ. ಕೆಲವು ಕೆಲಸ ಅರ್ಧಕ್ಕೇ ನಿಂತವು. ಬೀದಿಯ ಚರಂಡಿ ಇವತ್ತಿಗೂ ಹಾಗೆಯೇ ಇದೆ.

ಮುನಿಯಪ್ಪನಿಗೆ ಪಾಪಯ್ಯನ ಮನೆಯ ಕೆಲಸ ಹೋಯಿತು. ಅವನು ಬೆಳಗ್ಗೆ ಎದ್ದು ಸಲಿಕೆ ತೆಗೆದುಕೊಂಡು ಆ ದಾರಿಗೆ ಹೋಗುತ್ತಿದ್ದ. ಮಳೆಗೆ ಬಿದ್ದ ಗುಂಡಿಗಳಿಗೆ ಮಣ್ಣು ತುಂಬುತ್ತಿದ್ದ, ಕಲ್ಲು ಆಯುತ್ತಿದ್ದ. ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ. ಅವನ ಹೆಂಡತಿ ದೊಡ್ಡಮುನಿಯಮ್ಮ ಮಗಳನ್ನು ಬೇಡಿಕೊಂಡಳು: "ವಯಸ್ಸಾದ ಜೀವ ಕಣೇ. ಸಾಕು ಬಾ ಅಂತ ಒಂದ್ ಮಾತು ಹೇಳೇ." ಹನುಮಕ್ಕ ಹೇಳಲಿಲ್ಲ. ಮಧ್ಯಾಹ್ನಕ್ಕೆ ಮುದ್ದೆ, ಸಾರು ತೆಗೆದುಕೊಂಡು ಹೋಗಿ ಅವನ ಪಕ್ಕಕ್ಕಿಟ್ಟು ಬರುತ್ತಿದ್ದಳು. ಎಂಬತ್ತಾರರಲ್ಲಿ ಮುನಿಯಪ್ಪ ಜ್ವರ ಬಂದು ಮಲಗಿದಾಗ ಹನುಮಕ್ಕ ಹದಿನೆಂಟು ದಿನ ಅವನ ತಲೆದೆಸೆ ಬಿಟ್ಟು ಏಳಲಿಲ್ಲ. ಅವನು ಸತ್ತ ದಿನ ಅವಳು ಅತ್ತದ್ದನ್ನು ನಾನು ನೋಡಿದೆ. ಅಣ್ಣನಿಗೂ ಅವಳು ಹಾಗೆ ಅತ್ತಿರಲಿಲ್ಲ.

ನನ್ನ ಜೊತೆ ಅವಳು ಮತ್ತೆ ಮಾತಾಡಿದ್ದು ಎಂಬತ್ತಮೂರರಲ್ಲಿ. ಒಂದು ಸಂಜೆ ನಮ್ಮ ಮನೆಯ ಮುಂದೆ ಬಂದು, "ಕೊಂಡಣ್ಣ, ಸೈಕಲ್ ಕೊಡು. ಕಲೀಬೇಕು" ಎಂದಳು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಹತ್ತು ದಿನದಲ್ಲಿ ಮೊಣಕಾಲು ತರಚಿಕೊಂಡು ಕಲಿತಳು. ಪಾಪಯ್ಯನ ಮನೆ ದಾರಿಯ ಬಾಯಲ್ಲೇ ಇತ್ತು. ದಿನಾ ಬೆಳಗ್ಗೆ ಅವನು ಹಲ್ಲುಜ್ಜಲು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಹನುಮಕ್ಕ ಸೈಕಲ್ ಮೇಲೆ ಹೋಗುತ್ತಿದ್ದಳು. ಅಗಲ ದಾರಿಯ ನಟ್ಟನಡುವೆ, ಯಾರೂ ಅಡ್ಡವಿಲ್ಲದಿದ್ದರೂ ಬೆಲ್ಲು ಬಾರಿಸುತ್ತ. ಅವನು ಹೊತ್ತು ಬದಲಾಯಿಸಿದರೆ ಇವಳೂ ಬದಲಾಯಿಸಿದಳು. ಕೊನೆಗೆ ಅವನು ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದ. ಅವನ ಸೊಸೆ ನಮ್ಮ ಮನೆಗೆ ಬಂದು, "ಮಾವನೋರು ಅನ್ನ ಸೇರ್ದಂಗೆ ಆಗವ್ರೆ, ವಸಿ ಹೇಳಿ ಆ ಹುಡುಗಿಗೆ" ಎಂದಳು. ನಾನು ಹೇಳಿದೆ. "ಅವನು ಹಿತ್ತಲಿಂದ ಹೋದ್ರೆ ನನ್ಗೇನು, ಬೆಲ್ಲು ಹಿತ್ಲಿಗೂ ಕೇಳಿಸ್ತದೆ" ಎಂದಳು. ಅವಳು ಮದುವೆ ಆದದ್ದು ತಡವಾಗಿ, ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಿದ್ದ ಡೆಂಕಣಿಕೋಟೆಯ ಹುಡುಗನನ್ನು. ನಮ್ಮೂರಿಗೇ ಬಂದು ಇರಬೇಕು ಎಂದು ಮೊದಲೇ ಮಾತು ತೆಗೆದುಕೊಂಡಿದ್ದಳು.

ಎಂಬತ್ತೆಂಟರ ಚಳಿಗಾಲದಲ್ಲಿ ಪಾಪಯ್ಯ ಸತ್ತ. ಅವನ ಹೆಣವನ್ನು ಆ ದಾರಿಯಲ್ಲೇ ಹೊತ್ತುಕೊಂಡು ಹೋಗಬೇಕಿತ್ತು. ನಾಲ್ಕು ಜನ ಹೆಗಲು ಕೊಟ್ಟವರು ನಿರಾಯಾಸವಾಗಿ ನಡೆದರು, ಹಿಂದೆ ತಮಟೆಯವರು, ಅಕ್ಕಪಕ್ಕಕ್ಕೆ ಜನ. ಹನುಮಕ್ಕ ಶಿಫ್ಟಿಗೆ ಹೊರಟವಳು ಸೈಕಲ್ ಇಳಿದು ಬದಿಗೆ ನಿಂತಳು. ಬೆಲ್ಲು ಬಾರಿಸಲಿಲ್ಲ. ಹೆಣ ಮರೆಯಾಗುವವರೆಗೂ ನೋಡುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತೆ.

"ಈಗಾದ್ರೂ ತಣ್ಣಗಾಯ್ತಾ ಹನುಮಕ್ಕ?"

"ಇಲ್ಲ ಕೊಂಡಣ್ಣ. ಆಯ್ತದೆ ಅಂದ್ಕಂಡಿದ್ದೆ" ಎಂದಳು. ಸೈಕಲ್ಲನ್ನು ದಾರಿಗೆ ಎಳೆದುಕೊಂಡು, "ನಾಳೆಯಿಂದ ಬೆಳಗ್ಗೆ ಯಾರ್ ಮೇಲೆ ಸಿಟ್ಟು ಮಾಡ್ಕಂಡು ಎದ್ದೇಳ್ಲಿ ಅಂತ ಯೋಚ್ನೆ" ಎಂದಳು.

ನಗುತ್ತಾಳೇನೋ ಎಂದು ಮುಖ ನೋಡಿದೆ. ನಗಲಿಲ್ಲ. ಪಂಚಾಯ್ತಿಯ ಹೊಸ ಕೊಳವೆ ಬಾವಿಯನ್ನು ಯಾವ ದೊಡ್ಡ ಮನುಷ್ಯನ ಮನೆಯ ಮುಂದೆ ಕೊರೆಸುತ್ತಾರೆ ಎಂದು ನನಗೆ ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ತಿಳ್ಕೊಂಡು ಬಾ, ಸಂಜೆ ಬತ್ತೀನಿ" ಎಂದು ಹೇಳಿ ಸೈಕಲ್ ಹತ್ತಿದಳು.